ಮೊದಲು ಸೀಟು, ಆಮೇಲೆ ಪಾಯಿಂಟ್: ಹಾಸನ, ಚಿಕ್ಕಮಗಳೂರಿನಿಂದ ವಿಮಾನ ಹತ್ತುವವರಿಗೆ ಕ್ರೆಡಿಟ್ ಕಾರ್ಡ್ ಪಾಯಿಂಟಿನ ಲೆಕ್ಕ

ಬ್ಯಾಂಕಿನ ಆ್ಯಪ್ ತೆರೆದರೆ ಮೂಲೆಯಲ್ಲೊಂದು ಅಂಕಿ: 60,000 ಪಾಯಿಂಟ್. ಎರಡು ಮೂರು ವರ್ಷ ಗೊಬ್ಬರ, ಮೋಟಾರು, ಮದುವೆ ಜವಳಿ, ಆಸ್ಪತ್ರೆ ಬಿಲ್ ಎಂದು ಕಾರ್ಡ್ ಉಜ್ಜಿ ಕೂಡಿಬಿದ್ದದ್ದು. ಅದರ ಕೆಳಗೇ ಬ್ಯಾಂಕು ಮಿಕ್ಸಿ, ಸೂಟ್‌ಕೇಸ್, ಗಿಫ್ಟ್ ವೋಚರ್ ಸಾಲಾಗಿ ಜೋಡಿಸಿಟ್ಟಿರುತ್ತದೆ. ಒಂದು ಪಾಯಿಂಟಿಗೆ 25 ಪೈಸೆಯ ಕಾರ್ಡಾದರೆ ಅಷ್ಟೂ ಪಾಯಿಂಟಿಗೆ ಅಲ್ಲಿ ಸಿಗುವುದು 15,000 ರೂಪಾಯಿಯ ಸಾಮಾನು. ಅದನ್ನೇ ವಿಮಾನದ ಟಿಕೆಟಿಗೆ ತಿರುಗಿಸಿದರೆ 30,000 ಆಗಬಹುದು, ಕಾರ್ಡು ಒಳ್ಳೆಯದಾಗಿದ್ದು ಸೀಟೂ ಒದಗಿದರೆ ಅದರ ಎರಡರಷ್ಟೂ ಆಗಬಹುದು. ಆತುರಪಟ್ಟರೆ ಮಾತ್ರ ಆ 15,000 ಕೂಡ ದಕ್ಕುವುದಿಲ್ಲ. ಪಾಯಿಂಟ್ ಯಾವುದೋ ಏರ್‌ಲೈನಿನ ಖಾತೆಗೆ ಹೋಗಿ ಅಲ್ಲೇ ಅವಧಿ ಮುಗಿದು ಸತ್ತುಹೋಗುತ್ತದೆ.

ನಷ್ಟ ಮಾಡಿಕೊಂಡವರಲ್ಲಿ ಹೆಚ್ಚಿನವರ ತಪ್ಪು ಒಂದೇ. ಸೀಟು ಇದೆಯೋ ಇಲ್ಲವೋ ನೋಡದೆ ಮೊದಲು ಪಾಯಿಂಟ್ ಕಳಿಸಿಬಿಡುತ್ತಾರೆ. ಕಳಿಸಿದ್ದು ವಾಪಸ್ ಬರುವುದಿಲ್ಲ. ಇಲ್ಲಿನ ಹೆಜ್ಜೆಗಳನ್ನೆಲ್ಲ ಆ ತಪ್ಪು ಆಗದಂತೆ ಜೋಡಿಸಿದೆ.

1. ಒಂದು ಪಾಯಿಂಟಿಗೆ ಎಷ್ಟು ಪೈಸೆ ಬಿತ್ತು?

ಒಂದು ಕಾಗದ ತೆಗೆದುಕೊಳ್ಳಿ. ದುಡ್ಡು ಕೊಟ್ಟರೆ ಟಿಕೆಟಿನ ಬೆಲೆ ಎಷ್ಟು ಬರೆಯಿರಿ. ಪಾಯಿಂಟಿನಲ್ಲಿ ತೆಗೆದರೂ ಕೈಯಿಂದ ಕಟ್ಟಬೇಕಾದ ತೆರಿಗೆ, ಸರ್ಚಾರ್ಜ್ (ಏರ್‌ಲೈನ್ ಹಾಕುವ ಹೆಚ್ಚುವರಿ ಶುಲ್ಕ) ಎಷ್ಟು ಬರೆಯಿರಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು, ಉಳಿದದ್ದನ್ನು ಖರ್ಚಾಗುವ ಪಾಯಿಂಟಿನಿಂದ ಭಾಗಿಸಿ. ಅಷ್ಟೇ.

ಬ್ಯಾಂಕಿನ ಪಾಯಿಂಟನ್ನು ಏರ್‌ಲೈನಿಗೆ ಕಳಿಸಿದರೆ ಅಲ್ಲಿ ಅದು ಮೈಲ್ಸ್, ಅಂದರೆ ಆ ಏರ್‌ಲೈನಿನ ಪಾಯಿಂಟ್ ಆಗುತ್ತದೆ. ಲೆಕ್ಕಕ್ಕೊಂದು ಉದಾಹರಣೆ: ಬೆಂಗಳೂರಿನಿಂದ ಯುರೋಪಿಗೆ ಒಂದು ಕಡೆಯ ಟಿಕೆಟ್ 48,000 ರೂಪಾಯಿ ಎಂದು ಹಿಡಿಯೋಣ. ಮೈಲ್ಸ್‌ನಲ್ಲಿ ಅದಕ್ಕೆ 30,000 ಮೈಲ್ಸ್, ಮೇಲೆ 9,000 ರೂಪಾಯಿ ತೆರಿಗೆ. 48,000ದಲ್ಲಿ 9,000 ಕಳೆದರೆ 39,000; ಅದನ್ನು 30,000ದಿಂದ ಭಾಗಿಸಿದರೆ ಮೈಲಿಗೆ 1 ರೂಪಾಯಿ 30 ಪೈಸೆ. ನಿಮ್ಮ ಕಾರ್ಡಿನ ಒಂದು ಪಾಯಿಂಟಿಗೆ ಒಂದು ಮೈಲ್ ಸಿಗುವುದಾದರೆ ಇದು ಬಹಳ ಚೆನ್ನಾದ ಬೆಲೆ. ಎರಡು ಪಾಯಿಂಟಿಗೆ ಒಂದು ಮೈಲ್ ಆದರೆ ಪಾಯಿಂಟಿಗೆ ಬಿದ್ದದ್ದು 65 ಪೈಸೆ.

ಈಗ ಅದೇ ಟಿಕೆಟಿಗೆ ಬೇರೊಂದು ಏರ್‌ಲೈನ್ ತೆರಿಗೆ, ಸರ್ಚಾರ್ಜ್ ಸೇರಿಸಿ 22,000 ಕೇಳುತ್ತದೆ ಎನ್ನಿ. ಲೆಕ್ಕ ಮೈಲಿಗೆ 86 ಪೈಸೆಗೆ ಇಳಿಯಿತು. ಎರಡಕ್ಕೊಂದು ಕೊಡುವ ಕಾರ್ಡಾದರೆ ಪಾಯಿಂಟಿಗೆ 43 ಪೈಸೆ. ಬ್ಯಾಂಕಿನ ಸ್ವಂತ ಟ್ರಾವೆಲ್ ಪೋರ್ಟಲ್‌ನಲ್ಲಿ ಪಾಯಿಂಟಿಗೆ 50 ಪೈಸೆ ಸಿಗುತ್ತಿದ್ದರೆ ಮೈಲ್ಸ್ ಗೋಜಿಗೆ ಹೋಗದೆ ಅಲ್ಲೇ ಟಿಕೆಟ್ ತೆಗೆಯುವುದು ಲಾಭ.

ಲೆಕ್ಕದಲ್ಲಿ ಇನ್ನೆರಡು ಸಣ್ಣ ಬಾಬತ್ತು ಬಿಟ್ಟುಹೋಗುತ್ತವೆ. ದುಡ್ಡು ಕೊಟ್ಟು ಟಿಕೆಟ್ ತೆಗೆದರೆ ಆ ಖರ್ಚಿಗೂ ಹೊಸ ಪಾಯಿಂಟ್ ಬರುತ್ತಿತ್ತು, 48,000ಕ್ಕೆ ಶೇ. 2 ಎಂದರೆ 960 ರೂಪಾಯಿ. ಇನ್ನೊಂದು ಟ್ರಾನ್ಸ್‌ಫರ್ ಶುಲ್ಕ. ಆಕ್ಸಿಸ್ ಬ್ಯಾಂಕ್ 2024ರ ಡಿಸೆಂಬರ್‌ನಿಂದ ಮೈಲ್ಸ್ ಟ್ರಾನ್ಸ್‌ಫರ್‌ಗೆ 199 ರೂಪಾಯಿ, ಮೇಲೆ ಜಿಎಸ್‌ಟಿ ಹಾಕುತ್ತಿದೆ. ದೊಡ್ಡ ಟಿಕೆಟಿಗೆ ಇದು ಲೆಕ್ಕಕ್ಕಿಲ್ಲ, ಸಣ್ಣ ಟಿಕೆಟಿಗೆ ಇದೆ.

ಬಿಸಿನೆಸ್ ಕ್ಲಾಸ್ ವಿಚಾರದಲ್ಲಿ ಮನಸ್ಸು ಸುಲಭವಾಗಿ ಮೋಸಹೋಗುತ್ತದೆ. ಎರಡೂವರೆ ಲಕ್ಷದ ಟಿಕೆಟು 90,000 ಮೈಲ್ಸ್‌ಗೆ ಬಂತು, ಮೈಲಿಗೆ ಎರಡೂವರೆ ರೂಪಾಯಿಗೂ ಮೇಲೆ ಗಿಟ್ಟಿತು ಎಂದು ಹಿಗ್ಗುವವರುಂಟು. ಕೈಯಿಂದ ಎರಡೂವರೆ ಲಕ್ಷ ಕೊಟ್ಟು ಆ ಸೀಟು ಕೊಳ್ಳುತ್ತಿದ್ದಿರಾ? ಇಲ್ಲವಾದರೆ ಹೋಲಿಕೆಗೆ ಇಡಬೇಕಾದ ಬೆಲೆ ನೀವು ನಿಜವಾಗಿ ಕೊಳ್ಳುತ್ತಿದ್ದ ಟಿಕೆಟಿನದ್ದು. ಎಪ್ಪತ್ತು ದಾಟಿದ, ಮಂಡಿನೋವಿನ ತಾಯಿಗೆ ಮಲಗಿಕೊಂಡು ಹೋಗುವ ಸೀಟು ಬೇಕೇ ಬೇಕು ಎಂದಾದರೆ ಮಾತು ಬೇರೆ. ಆಗ ಪಾಯಿಂಟ್ ಬಳಸಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

2. ನಿಮ್ಮ ಕಾರ್ಡಿನಿಂದ ಎಷ್ಟು ದಾರಿ ಇದೆ ನೋಡಿಕೊಳ್ಳಿ

ದಾರಿ ಮೂರು. ಸಾಮಾನು, ವೋಚರ್ ಅಥವಾ ಬಿಲ್ಲಿಗೆ ಜಮಾ ಮಾಡಿಕೊಳ್ಳುವುದು ಮೊದಲನೆಯದು; ಸಾಮಾನ್ಯವಾಗಿ ಪಾಯಿಂಟಿಗೆ 20ರಿಂದ 30 ಪೈಸೆ. ಎಸ್‌ಬಿಐ ಕಾರ್ಡ್‌ನ ಬಹುತೇಕ ಪಾಯಿಂಟಿಗೆ 25 ಪೈಸೆ, ಆಕ್ಸಿಸ್‌ನ ಸಾಮಾನ್ಯ ಎಡ್ಜ್ ಪಾಯಿಂಟಿಗೆ 20 ಪೈಸೆ.

ಎರಡನೆಯದು ಬ್ಯಾಂಕಿನ ಟ್ರಾವೆಲ್ ಪೋರ್ಟಲ್. ಎಚ್‌ಡಿಎಫ್‌ಸಿ ಬ್ಯಾಂಕಿನ ಸ್ಮಾರ್ಟ್‌ಬೈನಲ್ಲಿ ವಿಮಾನದ ಟಿಕೆಟಿಗೆ ಇನ್ಫಿನಿಯಾ ಕಾರ್ಡಿನ ಒಂದು ಪಾಯಿಂಟಿಗೆ 1 ರೂಪಾಯಿ, ರೆಗಾಲಿಯಾ ಗೋಲ್ಡ್‌ನ ಒಂದು ಪಾಯಿಂಟಿಗೆ 50 ಪೈಸೆ ಇದೆ. ಅಲ್ಲಿ ಟಿಕೆಟಿನ ಶೇ. 70ರಷ್ಟನ್ನು ಮಾತ್ರ ಪಾಯಿಂಟಿನಲ್ಲಿ ಕಟ್ಟಬಹುದು, ಉಳಿದ ಶೇ. 30 ಕಾರ್ಡಿನಿಂದಲೇ ಹೋಗಬೇಕು. ಪೋರ್ಟಲ್‌ನ ದೊಡ್ಡ ಅನುಕೂಲವೆಂದರೆ ಏರ್‌ಲೈನಿನ ಕಣ್ಣಿಗೆ ಅದು ದುಡ್ಡು ಕೊಟ್ಟು ತೆಗೆದ ಟಿಕೆಟು. ಯಾವ ಸೀಟು ಖಾಲಿಯಿದ್ದರೂ ಸಿಗುತ್ತದೆ. ಕೊನೆಗೆ ಹಣ ಕಟ್ಟುವ ಮುನ್ನ ಅದೇ ವಿಮಾನದ, ಅದೇ ದಿನದ, ಅದೇ ಲಗೇಜಿನ ಬೆಲೆಯನ್ನು ಏರ್‌ಲೈನಿನ ಸ್ವಂತ ಸೈಟಿನಲ್ಲಿ ಒಮ್ಮೆ ನೋಡಿ. ಪೋರ್ಟಲ್‌ನಲ್ಲಿ 600 ರೂಪಾಯಿ ಜಾಸ್ತಿ ಇದ್ದರೆ ಆ 600ನ್ನೂ ಲೆಕ್ಕದಿಂದ ಕಳೆಯಬೇಕು. ಟಿಕೆಟ್ ರದ್ದು ಮಾಡಿದರೆ ಹಣ, ಪಾಯಿಂಟ್ ಎರಡೂ ಪೋರ್ಟಲ್ ಮೂಲಕವೇ ಬರಬೇಕು, ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಹೋಗುವುದು ಖಚಿತವಿಲ್ಲದ ಪ್ರಯಾಣಕ್ಕೆ ಇದು ಬೇಡ.

ಮೂರನೆಯದು ಏರ್‌ಲೈನಿನ ಖಾತೆಗೆ ಟ್ರಾನ್ಸ್‌ಫರ್. ಅತಿ ಹೆಚ್ಚು ಬೆಲೆ ಸಿಗುವುದೂ ಇಲ್ಲೇ, ಅತಿ ಹೆಚ್ಚು ಕಳೆದುಕೊಳ್ಳುವುದೂ ಇಲ್ಲೇ. ಎಲ್ಲ ಕಾರ್ಡಿಗೂ ಈ ದಾರಿ ಇರುವುದಿಲ್ಲ. ಇದ್ದರೆ ಯಾವ ಯಾವ ಏರ್‌ಲೈನ್, ಎಷ್ಟು ಪಾಯಿಂಟಿಗೆ ಎಷ್ಟು ಮೈಲ್ಸ್, ಕನಿಷ್ಠ ಎಷ್ಟು ಕಳಿಸಬೇಕು, ವರ್ಷಕ್ಕೆ ಮಿತಿ ಎಷ್ಟು, ಈ ನಾಲ್ಕನ್ನು ಬ್ಯಾಂಕಿನ ಸೈಟಿನಿಂದ ಬರೆದಿಟ್ಟುಕೊಳ್ಳಿ. ಆಕ್ಸಿಸ್ ತನ್ನ ಪಾಲುದಾರ ಏರ್‌ಲೈನ್‌ಗಳನ್ನು ಎ, ಬಿ ಎಂದು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೂ ವಾರ್ಷಿಕ ಮಿತಿ ಹಾಕಿದೆ. ಸೀಟು ಸಿಕ್ಕಿದ ಮೇಲೆ ಮಿತಿ ಮುಗಿದಿದೆ ಎಂದು ಗೊತ್ತಾದರೆ ಪ್ರಯೋಜನವಿಲ್ಲ.

ಬ್ಯಾಂಕುಗಳು ಈ ದರಗಳನ್ನು ವರ್ಷಕ್ಕೊಮ್ಮೆಯಾದರೂ ಬದಲಿಸುತ್ತವೆ, ಬದಲಿಸಿದಾಗ ಸಾಮಾನ್ಯವಾಗಿ ಕೆಳಕ್ಕೇ. ಬ್ಯಾಂಕಿನ ಇಮೇಲ್ ಓದದೆ ಅಳಿಸಬೇಡಿ. ಎರಡು ವರ್ಷದೊಳಗೆ ಪ್ರಯಾಣವೇ ಇಲ್ಲ ಎನ್ನುವವರು ಪಾಯಿಂಟ್ ಕೂಡಿಡುತ್ತಾ ಕೂರುವುದಕ್ಕಿಂತ ಕ್ಯಾಶ್‌ಬ್ಯಾಕ್ ಕಾರ್ಡ್ ಇಟ್ಟುಕೊಳ್ಳುವುದೇ ವಾಸಿ.

3. ಯಾವ ಏರ್‌ಪೋರ್ಟ್? ರಸ್ತೆ ಖರ್ಚನ್ನೂ ಟಿಕೆಟಿಗೆ ಸೇರಿಸಿ

ಬೆಂಗಳೂರಿನವರಿಗೆ ಬೇಡದ, ನಮ್ಮ ಕಡೆಯವರಿಗೆ ಬೇಕೇ ಬೇಕಾದ ಲೆಕ್ಕ ಇದು. ಹಾಸನದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ಸುಮಾರು 200 ಕಿ.ಮೀ. ಚಿಕ್ಕಮಗಳೂರಿನಿಂದ ಸುಮಾರು 250. ಕಡೂರು, ತುಮಕೂರಿನ ಮೇಲೆ ಬರುವವರು ದಾಬಸ್‌ಪೇಟೆಯಲ್ಲೇ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ನೆಲಮಂಗಲದ ಗದ್ದಲ ತಪ್ಪುತ್ತದೆ. ಟ್ಯಾಕ್ಸಿಯವರು ಬರುವ ಖಾಲಿ ಗಾಡಿಯ ಕಿಲೋಮೀಟರನ್ನೂ ಹಿಡಿಯುತ್ತಾರೆ. ಕಿ.ಮೀ.ಗೆ 14 ರೂಪಾಯಿಯಾದರೂ ಹಾಸನದಿಂದ 400 ಕಿ.ಮೀ.ಗೆ 5,600, ಮೇಲೆ ಟೋಲ್. ಹೋಗಿ ಬರಲು ಎರಡು ಸಲ.

ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಸುಮಾರು 170 ಕಿ.ಮೀ., ಚಿಕ್ಕಮಗಳೂರಿನಿಂದ ಮೂಡಿಗೆರೆ, ಚಾರ್ಮಾಡಿ ದಾಟಿ ಸುಮಾರು 150. ಚಿಕ್ಕಮಗಳೂರು, ತರೀಕೆರೆ, ಕಡೂರಿನವರಿಗೆ 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ಇನ್ನೂ ಹತ್ತಿರ. ಅಲ್ಲಿ ವಿಮಾನಗಳು ಕಡಿಮೆ, ಆದರೆ ಇರುವ ಊರಿಗೆ ಹೋಗುವುದಾದರೆ 2,500 ರೂಪಾಯಿ ದುಬಾರಿ ಟಿಕೆಟೂ ಅಗ್ಗವೇ.

ಘಾಟಿಯ ವಿಚಾರದಲ್ಲಿ ಒಂದು ಎಚ್ಚರ. ಜೂನ್‌ನಿಂದ ಆಗಸ್ಟ್ ವರೆಗೆ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ಮಲೆನಾಡಿಗೆ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಎರಡೂ ಕುಸಿದವು. ಮಳೆಗಾಲದಲ್ಲಿ ಮಂಗಳೂರಿನಿಂದ ಹೊರಡುವ ಟಿಕೆಟನ್ನು ಪಾಯಿಂಟಿನಲ್ಲಿ ತೆಗೆಯುವ ಮುಂಚೆ, ವಿಮಾನಕ್ಕೆ ಬಾರದವರಿಗೆ ಆ ಟಿಕೆಟಿನ ನಿಯಮ ಏನು ಕೊಡುತ್ತದೆ ಓದಿ. ಎಷ್ಟೋ ಟಿಕೆಟಿನಲ್ಲಿ ಏನೂ ಕೊಡುವುದಿಲ್ಲ.

ಗಲ್ಫಿಗೆ ಹೋಗುವವರಿಗೆ ಮಂಗಳೂರಿನಿಂದಲೇ ನೇರ ವಿಮಾನಗಳಿವೆ. ಅವು ಕಡಿಮೆ ದರದ ಏರ್‌ಲೈನ್‌ಗಳು. ಅಲ್ಲಿ ಮೈಲ್ಸ್‌ನಿಂದ ಹೆಚ್ಚು ಹುಟ್ಟುವುದಿಲ್ಲ. ಬ್ಯಾಂಕ್ ಪೋರ್ಟಲ್‌ನಲ್ಲಿ ಪಾಯಿಂಟ್ ಕೊಟ್ಟು ತೆಗೆಯಿರಿ, ಕೆಲಸ ಮುಗಿಯಿತು. ಯುರೋಪ್, ಅಮೆರಿಕ, ಸಿಂಗಪುರ, ಆಸ್ಟ್ರೇಲಿಯಾ ಎಂದರೆ ಮಾತ್ರ ಬೆಂಗಳೂರು, ಮೈಲ್ಸ್ ಮತ್ತು ಮುಂದಿನ ಹೆಜ್ಜೆಗಳು.

ಮಂಗಳೂರಿನಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ವಿದೇಶಕ್ಕೆ ಪಾಯಿಂಟಿನ ಇನ್ನೊಂದು ಟಿಕೆಟ್ ತೆಗೆಯುವ ಯೋಚನೆಯಿದ್ದರೆ ನಡುವೆ ಕನಿಷ್ಠ ಆರು ಗಂಟೆ ಬಿಡಿ. ಎರಡೂ ಬೇರೆ ಬೇರೆ ಟಿಕೆಟಾದ್ದರಿಂದ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಸೂಟ್‌ಕೇಸ್ ನೀವೇ ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಇಂಡಿಗೊ ಒಳನಾಡ ವಿಮಾನಗಳು ಟರ್ಮಿನಲ್ 1ರಲ್ಲಿ, ವಿದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ. ನಡುವೆ ಶಟಲ್ ಬಸ್ಸು.

4. ಖಾತೆ ತೆರೆಯಿರಿ, ಹೆಸರು ಸರಿಮಾಡಿ

ಮೈಲ್ಸ್ ಜಮೆಯಾಗುವ ಏರ್‌ಲೈನಿನ ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್, ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ, ಏರ್ ಕೆನಡಾದ ಏರೋಪ್ಲಾನ್, ಏರ್ ಇಂಡಿಯಾದ ಮಹಾರಾಜ ಕ್ಲಬ್, ಇವುಗಳಲ್ಲಿ ನಿಮ್ಮ ಬ್ಯಾಂಕಿನ ಪಟ್ಟಿಯಲ್ಲಿರುವುದನ್ನು ಈಗಲೇ ತೆರೆದಿಡಿ. 2024ರ ನವೆಂಬರ್ 12ರಂದು ವಿಸ್ತಾರ ಏರ್‌ಲೈನ್ ಏರ್ ಇಂಡಿಯಾದಲ್ಲಿ ವಿಲೀನವಾಯಿತು; ಹಳೆಯ ಕ್ಲಬ್ ವಿಸ್ತಾರ ಪಾಯಿಂಟ್ ಇದ್ದವರು ಮಹಾರಾಜ ಕ್ಲಬ್ ಖಾತೆಯಲ್ಲಿ ಅದನ್ನು ಹುಡುಕಿ.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಇನಿಷಿಯಲ್. ಶಾಲೆಯ ದಾಖಲೆಯಲ್ಲಿ, ಬ್ಯಾಂಕಿನಲ್ಲಿ ಹೆಚ್.ಎಸ್. ಎಂದು ಶುರುವಾಗುವ ಹೆಸರು. ಹೆಚ್ ಎಂದರೆ ಹಾಸನವೋ ಹಳೇಬೀಡೋ, ಎಸ್ ಎಂದರೆ ತಂದೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದು ಊರ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಬ್ಯಾಂಕು ಟ್ರಾನ್ಸ್‌ಫರ್ ಮಾಡುವಾಗ ಕಾರ್ಡಿನ ಹೆಸರು, ಏರ್‌ಲೈನ್ ಖಾತೆಯ ಹೆಸರು ತಾಳೆಯಾಗಬೇಕು. ಟಿಕೆಟಿನ ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗಬೇಕು. ಕ್ರಮ ಹೀಗೆ: ಮೊದಲು ಪಾಸ್‌ಪೋರ್ಟ್ ತೆರೆದಿಟ್ಟು ಅದರಲ್ಲಿರುವಂತೆಯೇ ಅಕ್ಷರ ಬಿಡದೆ ಏರ್‌ಲೈನ್ ಖಾತೆ ತೆರೆಯಿರಿ. ಬ್ಯಾಂಕಿನಲ್ಲಿ ಇನಿಷಿಯಲ್ ಇದ್ದರೆ ಶಾಖೆಗೆ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಕೆವೈಸಿಯಲ್ಲಿ ಪೂರ್ತಿ ಹೆಸರು ಮಾಡಿಸಿ. ಸರ್‌ನೇಮ್ ಖಾಲಿ ಇದ್ದವರು ಆ ಜಾಗದಲ್ಲಿ ಏನು ತುಂಬಬೇಕು ಎಂದು ಏರ್‌ಲೈನಿಗೇ ಬರೆದು ಕೇಳಿ. ಒಂದೊಂದು ಏರ್‌ಲೈನಿನ ಪದ್ಧತಿ ಒಂದೊಂದು. ಖಾತೆ ತೆರೆದ ಮೇಲೆ ಹೆಸರು ತಿದ್ದಿಸಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ನೋಡಿಟ್ಟ ಸೀಟು ಹೋಗಿರುತ್ತದೆ.

ಇನ್ನೊಂದು: ನಿಮ್ಮ ಕಾರ್ಡಿನ ಪಾಯಿಂಟನ್ನು ಹೆಂಡತಿಯ ಅಥವಾ ಅಪ್ಪನ ಏರ್‌ಲೈನ್ ಖಾತೆಗೆ ಕಳಿಸಲು ಬಹುತೇಕ ಬ್ಯಾಂಕುಗಳು ಬಿಡುವುದಿಲ್ಲ. ನಿಮ್ಮ ಖಾತೆಗೇ ಹಾಕಿಕೊಂಡು ಅಲ್ಲಿಂದ ಅವರ ಹೆಸರಿಗೆ ಟಿಕೆಟ್ ತೆಗೆಯಬೇಕು. ಕ್ರಿಸ್‌ಫ್ಲೈಯರ್‌ನಲ್ಲಿ ಹಾಗೆ ಟಿಕೆಟ್ ತೆಗೆಯಬೇಕಾದವರನ್ನು ನಾಮಿನಿಯಾಗಿ ಮೊದಲೇ ಸೇರಿಸಬೇಕು, ಐದು ಜನಕ್ಕೆ ಮಾತ್ರ ಅವಕಾಶ. ಯೋಚಿಸಿ ಸೇರಿಸಿ.

5. ಸೀಟು ಹುಡುಕುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲಿ. ವಿಮಾನದಲ್ಲಿ ನೂರು ಸೀಟು ಖಾಲಿಯಿದ್ದರೂ ಮೈಲ್ಸ್‌ಗೆ ಕಡಿಮೆ ದರದಲ್ಲಿ ಬಿಡುವುದು ನಾಲ್ಕೋ ಐದೋ, ಕೆಲವು ದಿನ ಒಂದೂ ಇಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಕಡಿಮೆ ದರದ ಸೀಟಿಗೆ ಸೇವರ್ ಎನ್ನುತ್ತಾರೆ, ಅಡ್ವಾಂಟೇಜ್ ಎಂಬುದು ದುಬಾರಿ. ಬೆಲೆ ನೋಡುವಾಗ ಯಾವುದು ತೋರಿಸುತ್ತಿದೆ ಎಂದು ಗಮನಿಸಿ.

ಮಗಳ ಬಾಣಂತನಕ್ಕೆ ಅಮ್ಮ ಜರ್ಮನಿಗೆ ಹೋಗಬೇಕು ಎನ್ನುವ ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ ನೇರ ವಿಮಾನವಿದೆ. ಲುಫ್ತಾನ್ಸಾ, ಏರ್ ಇಂಡಿಯಾ, ಸಿಂಗಪುರ್ ಏರ್‌ಲೈನ್ಸ್, ಏರ್ ಕೆನಡಾ, ಯುನೈಟೆಡ್ ಎಲ್ಲವೂ ಸ್ಟಾರ್ ಅಲಯನ್ಸ್ ಎಂಬ ಒಂದೇ ಕೂಟದವು. ಹೀಗಾಗಿ ಒಬ್ಬರ ಮೈಲ್ಸ್ ಕೊಟ್ಟು ಇನ್ನೊಬ್ಬರ ವಿಮಾನ ಹತ್ತಬಹುದು. ಲುಫ್ತಾನ್ಸಾದ ಅದೇ ಸೀಟನ್ನು ಕ್ರಿಸ್‌ಫ್ಲೈಯರ್ ಮೂಲಕ ತೆಗೆದರೆ ಲುಫ್ತಾನ್ಸಾ ಹಾಕುವ ಸರ್ಚಾರ್ಜ್ ಕಟ್ಟಬೇಕು. ಏರೋಪ್ಲಾನ್ ಮೂಲಕ ತೆಗೆದರೆ ಸರ್ಚಾರ್ಜ್ ಇಲ್ಲ. ಏರ್‌ಪೋರ್ಟ್ ತೆರಿಗೆ ಮತ್ತು 39 ಕೆನಡಾ ಡಾಲರ್ ಬುಕಿಂಗ್ ಶುಲ್ಕ ಮಾತ್ರ. ಕೈಯಿಂದ ಕಟ್ಟುವ ಹಣದಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ. ಸಿಂಗಪುರ್ ಏರ್‌ಲೈನ್ಸ್‌ನ ಸ್ವಂತ ವಿಮಾನಕ್ಕಾದರೆ ಮಾತು ತಿರುಗುಮುರುಗು: 2017ರಿಂದ ಅದು ತನ್ನ ಮೈಲ್ಸ್ ಟಿಕೆಟಿಗೆ ಇಂಧನ ಸರ್ಚಾರ್ಜ್ ತೆಗೆದುಹಾಕಿದೆ, ಹಾಗಾಗಿ ಮೆಲ್ಬರ್ನ್, ಸಿಡ್ನಿ ಕಡೆ ಹೋಗುವವರಿಗೆ ಕ್ರಿಸ್‌ಫ್ಲೈಯರ್ ಅನುಕೂಲ.

ಹುಡುಕುವ ಕ್ರಮ:

ಯುನೈಟೆಡ್ ಅಥವಾ ಏರ್ ಕೆನಡಾ ಸೈಟಿನಲ್ಲಿ ಮೈಲ್ಸ್ ಎಂದು ಗುರುತು ಹಾಕಿ, ಒಂದು ಕಡೆಗೆ ಮಾತ್ರ ಹುಡುಕಿ. ಹೋಗಿಬರುವ ಟಿಕೆಟು ಒಟ್ಟಿಗೆ ಬೇಡ. ಮೈಲ್ಸ್ ಟಿಕೆಟಿನಲ್ಲಿ ಸಾಮಾನ್ಯವಾಗಿ ಒಂದು ಕಡೆಗೆ ಅರ್ಧ ಬೆಲೆಯೇ ಆಗುವುದರಿಂದ ಎರಡನ್ನೂ ಬೇರೆ ಮಾಡಿದರೆ ನಷ್ಟವಿಲ್ಲ, ವಾಪಸಿನ ದಿನ ಬದಲಾದರೆ ಅದೊಂದನ್ನೇ ಮುಟ್ಟಿದರಾಯಿತು. ಬಾಣಂತನಕ್ಕೆ ಹೋದವರ ವಾಪಸಿನ ದಿನ ಬದಲಾಗದೆ ಇರುವುದುಂಟೇ?

ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ. ಕಡಿಮೆ ದರದ ಸೀಟು ಒಂದೇ ಇದ್ದಾಗ ಇಬ್ಬರಿಗೆ ಹುಡುಕಿದರೆ ಸೈಟು ಇಬ್ಬರಿಗೂ ದುಬಾರಿ ದರ ತೋರಿಸುತ್ತದೆ, ಇಲ್ಲವೇ ಸೀಟೇ ಇಲ್ಲ ಎನ್ನುತ್ತದೆ. ಒಬ್ಬರಿಗೆ ಮೈಲ್ಸ್, ಇನ್ನೊಬ್ಬರಿಗೆ ಅದೇ ವಿಮಾನದಲ್ಲಿ ಪೋರ್ಟಲ್ ಟಿಕೆಟ್ ಮಾಡಿದರೆ ಇಬ್ಬರೂ ಜೊತೆಗೇ ಹೋಗಬಹುದು.

ಬೇಕಾದ ದಿನದ ಹಿಂದೆ ಮುಂದೆ ಐದೈದು ದಿನ ನೋಡಿ. ಒಂದು ಸೈಟಿನಲ್ಲಿ ಕಂಡ ಸೀಟನ್ನು ಇನ್ನೊಂದರಲ್ಲೂ ನೋಡಿ. ಇಲ್ಲದ ಸೀಟು ಇದ್ದಂತೆ ತೋರಿಸಿ, ಹಣ ಕಟ್ಟುವ ಹಂತದಲ್ಲಿ ಕೈಕೊಡುವುದು ಈ ಸೈಟುಗಳಲ್ಲಿ ಮಾಮೂಲು. ಕೊನೆಗೆ ನೀವು ಯಾವ ಏರ್‌ಲೈನಿನ ಮೈಲ್ಸ್ ಬಳಸುವಿರೋ ಅದರ ಸೈಟಿನಲ್ಲಿ ಲಾಗಿನ್ ಆಗಿ, ಪ್ರಯಾಣಿಕರ ಹೆಸರು ತುಂಬಿ, ಕಟ್ಟಬೇಕಾದ ತೆರಿಗೆಯ ಅಂಕಿ ಕಾಣುವವರೆಗೆ ಹೋಗಿ. ಆ ಅಂಕಿಯನ್ನು ಮೊದಲ ಹೆಜ್ಜೆಯ ಲೆಕ್ಕಕ್ಕೆ ಹಾಕಿ.

ಯಾವಾಗ ಹುಡುಕಬೇಕು? ಸಿಂಗಪುರ್ ಏರ್‌ಲೈನ್ಸ್ 355 ದಿನ ಮುಂಚೆಯೇ ಸೀಟು ತೆರೆಯುತ್ತದೆ, ಉಳಿದವೂ ಹೆಚ್ಚು ಕಡಿಮೆ ಅದೇ ಆಸುಪಾಸು. ಡಿಸೆಂಬರ್ ಕೊನೆಯ ವಾರ, ಏಪ್ರಿಲ್, ಮೇ ರಜೆ, ದಸರಾ ಬೇಕಿದ್ದರೆ ಆಗಲೇ ನೋಡಬೇಕು. ಹೆರಿಗೆಯ ದಿನ ಗೊತ್ತಾಗುವುದೇ ಆರೇಳು ತಿಂಗಳ ಮುಂಚೆ. ಗೊತ್ತಾದ ವಾರವೇ ಹುಡುಕಲು ಕೂತರೆ ಇನ್ನೂ ಆಯ್ಕೆ ಇರುತ್ತದೆ. ಹೊರಡುವ ಎರಡು ವಾರದ ಒಳಗೆ ಮಾರಾಟವಾಗದ ಸೀಟುಗಳನ್ನು ಮತ್ತೆ ಬಿಡುವುದುಂಟು, ಆದರೆ ವಯಸ್ಸಾದವರ ಪ್ರಯಾಣವನ್ನು ಅದರ ಮೇಲೆ ಬಿಡಬೇಡಿ. ದಿನಾಂಕ ಹೇಗಾದರೂ ಆದೀತು ಎನ್ನುವವರು ಫ್ಲೈಯಿಂಗ್ ಬ್ಲೂ ತಿಂಗಳಿಗೊಮ್ಮೆ ಬಿಡುವ ಪ್ರೋಮೊ ರಿವಾರ್ಡ್ಸ್ ನೋಡುತ್ತಿರಿ. ಆ ತಿಂಗಳ ಆಯ್ದ ಊರುಗಳಿಗೆ ಮೈಲ್ಸ್ ದರ ಕಡಿಮೆ ಮಾಡುತ್ತಾರೆ. ಬೆಂಗಳೂರಿನಿಂದ ಏರ್ ಫ್ರಾನ್ಸ್, ಕೆಎಲ್‌ಎಂ ಎರಡೂ ಇವೆ.

ವೀಸಾ ಇನ್ನೂ ಬಂದಿಲ್ಲ ಎನ್ನುವವರಿಗೆ ಮೈಲ್ಸ್ ಟಿಕೆಟಿನಲ್ಲಿ ಒಂದು ಲಾಭವಿದೆ. ಅಗ್ಗದ ನಗದು ಟಿಕೆಟ್ ರದ್ದು ಮಾಡಿದರೆ ಹೆಚ್ಚಿನ ಹಣ ಹೋಗುತ್ತದೆ, ಮೈಲ್ಸ್ ಟಿಕೆಟನ್ನು ಒಂದು ನಿಗದಿತ ಶುಲ್ಕ ಕಟ್ಟಿ ರದ್ದು ಮಾಡಿದರೆ ಮೈಲ್ಸ್, ತೆರಿಗೆ ಎರಡೂ ವಾಪಸ್ ಬರುವ ಯೋಜನೆಗಳು ಹೆಚ್ಚು. ಆದರೆ ಅಷ್ಟರಲ್ಲಿ ಅವಧಿ ಮೀರಿದ ಮೈಲ್ಸ್ ಇದ್ದರೆ ಅವು ಮತ್ತೆ ಜೀವ ಪಡೆಯುವುದಿಲ್ಲ. ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ 36 ತಿಂಗಳ ಆಯಸ್ಸು.

6. ಈಗ ಟ್ರಾನ್ಸ್‌ಫರ್

ಸೀಟು ಕಂಡಿದೆ, ತೆರಿಗೆ ಗೊತ್ತಿದೆ, ಲೆಕ್ಕ ಪೋರ್ಟಲ್‌ಗಿಂತ ಮೇಲಿದೆ. ಈಗ ಕಳಿಸಿ. ಬೇಕಾದಷ್ಟನ್ನೇ ಕಳಿಸಿ, 30,000 ಮೈಲ್ಸ್ ಬೇಕಾದ ಕಡೆ 60,000 ಹಾಕಿ ಉಳಿದದ್ದನ್ನು ಮುಂದೆ ನೋಡೋಣ ಎನ್ನಬೇಡಿ. ಬ್ಯಾಂಕಿನಲ್ಲಿರುವ ಪಾಯಿಂಟ್ ಹತ್ತು ಏರ್‌ಲೈನಿಗೆ ಹೋಗಬಲ್ಲದು, ಹೋದ ಮೇಲೆ ಒಂದಕ್ಕೇ ಸೀಮಿತ.

ಸದಸ್ಯತ್ವದ ಸಂಖ್ಯೆಯನ್ನು ಟೈಪ್ ಮಾಡಬೇಡಿ, ಏರ್‌ಲೈನ್ ಖಾತೆಯಿಂದ ಕಾಪಿ ಮಾಡಿ ಅಂಟಿಸಿ. ಕೆಲವು ಟ್ರಾನ್ಸ್‌ಫರ್ ನಿಮಿಷಗಳಲ್ಲಿ ಮುಗಿಯುತ್ತದೆ, ಕೆಲವಕ್ಕೆ ದಿನಗಳು ಬೇಕು. ಶುಕ್ರವಾರ ರಾತ್ರಿ ಶುರು ಮಾಡುವುದಕ್ಕಿಂತ ಸೋಮವಾರ ಬೆಳಿಗ್ಗೆ ಮಾಡಿದರೆ ಸಿಕ್ಕಿಹಾಕಿಕೊಂಡಾಗ ಫೋನ್ ಎತ್ತುವವರಾದರೂ ಇರುತ್ತಾರೆ. ಹೊಸ ಏರ್‌ಲೈನಿಗೆ ಮೊದಲ ಸಲ ಕಳಿಸುವವರು, ದಿನ ದೂರವಿದ್ದರೆ, ಕನಿಷ್ಠ ಮೊತ್ತವನ್ನು ಮೊದಲು ಕಳಿಸಿ ಎಷ್ಟು ಹೊತ್ತು ಹಿಡಿಯಿತು ನೋಡಿಕೊಳ್ಳಿ. ಟ್ರಾನ್ಸ್‌ಫರ್ ಬೋನಸ್ ಇದೆ, ಇವತ್ತೇ ಕೊನೆ ಎಂಬ ಇಮೇಲ್ ಬಂದರೂ ಸೀಟು ಕಾಣದೆ ಕಳಿಸಬೇಡಿ.

ತೆರಿಗೆ ಕಟ್ಟುವಾಗ ಹಣ ಯಾವ ದೇಶದ ಕರೆನ್ಸಿಯಲ್ಲಿದೆ ನೋಡಿ. ಡಾಲರ್, ಯೂರೋದಲ್ಲಿದ್ದರೆ ಹೆಚ್ಚಿನ ಕಾರ್ಡುಗಳು ಶೇ. 3.5ರ ವಿನಿಮಯ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಹಾಕುತ್ತವೆ. ಮನೆಯಲ್ಲಿ ಈ ಶುಲ್ಕ ಕಡಿಮೆ ಇರುವ ಕಾರ್ಡ್ ಇದ್ದರೆ ಅದನ್ನು ಬಳಸಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಬಂದ್ ಆಗಿದ್ದರೆ ಮೊದಲೇ ಆ್ಯಪ್‌ನಲ್ಲಿ ತೆರೆದಿಡಿ. ಕೊನೆಯ ಕ್ಷಣದಲ್ಲಿ ಪೇಮೆಂಟ್ ನಿಂತು ಸೀಟು ಕೈತಪ್ಪುವುದಕ್ಕೆ ಸಾಮಾನ್ಯ ಕಾರಣ ಇದೇ.

ಪಾಯಿಂಟ್ ಕೂಡಿಸುವಾಗ ಸೋರಿಹೋಗುವ ಜಾಗಗಳು

ಗೊಬ್ಬರದಂಗಡಿಯಲ್ಲಿ 50,000 ರೂಪಾಯಿಯ ಬಿಲ್. ಕಾರ್ಡ್ ಕೊಟ್ಟರೆ ಶೇ. 2 ಸೇರಿಸುತ್ತೇವೆ ಎನ್ನುತ್ತಾರೆ: 1,000 ರೂಪಾಯಿ. 150 ರೂಪಾಯಿಗೆ 4 ಪಾಯಿಂಟ್ ಕೊಡುವ ಕಾರ್ಡಿನಲ್ಲಿ ಇದಕ್ಕೆ ಬರುವುದು 1,332 ಪಾಯಿಂಟ್. 50 ಪೈಸೆಯಂತೆ 666 ರೂಪಾಯಿ. 334 ರೂಪಾಯಿ ಕೈಬಿಟ್ಟಂತೆ. ಅಂಥ ಕಡೆ ಬ್ಯಾಂಕ್ ಖಾತೆಯಿಂದಲೇ ಕೊಡಿ. ಅಂಗಡಿಯ ಕ್ಯೂಆರ್‌ಗೆ ಯುಪಿಐ ಮೂಲಕ ರುಪೇ ಕ್ರೆಡಿಟ್ ಕಾರ್ಡ್ ಬಳಸಬಹುದು, ಆದರೆ ಅದು ವ್ಯಾಪಾರಿ ಕ್ಯೂಆರ್ ಆಗಿರಬೇಕು. ಯಜಮಾನರ ಸ್ವಂತ ನಂಬರಿನ ಕ್ಯೂಆರ್‌ಗೆ ಆಗುವುದಿಲ್ಲ. ಯುಪಿಐ ಖರ್ಚಿಗೆ ಪಾಯಿಂಟ್ ಮಿತಿ ಎಷ್ಟು ಎಂದೂ ನೋಡಿ.

ಪೆಟ್ರೋಲ್, ಡೀಸೆಲ್, ಬಾಡಿಗೆ, ವ್ಯಾಲೆಟ್‌ಗೆ ಹಣ ತುಂಬುವುದು, ಇಎಂಐ ಇವಕ್ಕೆ ಬಹುತೇಕ ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ. ಹಾಸನದವರ ಚೆಸ್ಕಾಂ ಬಿಲ್, ಚಿಕ್ಕಮಗಳೂರಿನವರ ಮೆಸ್ಕಾಂ ಬಿಲ್ಲಿಗೆ ಇದ್ದರೂ ಮಿತಿ ಇರುತ್ತದೆ. ಶಾಲೆ, ಕಾಲೇಜಿನ ಫೀಸನ್ನು ಬೇರೆ ಆ್ಯಪ್ ಮೂಲಕ ಕಟ್ಟಿದರೆ ಶೇ. 1 ಶುಲ್ಕ ಹಾಕುವ ಬ್ಯಾಂಕುಗಳು ಹಲವು. ಕಾಲೇಜಿನ ಸ್ವಂತ ವೆಬ್‌ಸೈಟಿನಲ್ಲಿ ಕಟ್ಟಿದರೆ ಆ ಶುಲ್ಕ ತಪ್ಪುತ್ತದೆ.

ತೋಟದವರಿಗೆ ಒತ್ತಿ ಹೇಳಬೇಕಾದ್ದು ಬಡ್ಡಿಯ ವಿಚಾರ. ಕಾಫಿಯ ದುಡ್ಡು ಬರುವುದು ಕೊಯ್ಲಿನ ನಂತರ, ಖರ್ಚು ವರ್ಷವಿಡೀ. ಮಾರಾಟವಾದ ಮೇಲೆ ಕಟ್ಟೋಣ ಎಂದು ಒಂದು ಲಕ್ಷದ ಬಿಲ್ ಒಂದು ತಿಂಗಳು ಉಳಿಸಿಕೊಂಡರೆ ತಿಂಗಳಿಗೆ ಶೇ. 3.75ರಂತೆ ಬಡ್ಡಿ 3,750, ಜಿಎಸ್‌ಟಿ ಸೇರಿ 4,425 ರೂಪಾಯಿ. ಆ ಒಂದು ಲಕ್ಷದ ಖರ್ಚಿಗೆ ಮೇಲಿನ ಕಾರ್ಡಿನಲ್ಲಿ ಬಂದ ಪಾಯಿಂಟಿನ ಬೆಲೆ 1,332. ಅಷ್ಟೇ ಅಲ್ಲ, ಬಾಕಿ ತೀರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ಬಿಲ್ ಪೂರ್ತಿ ಕಟ್ಟಲಾಗದ ತಿಂಗಳಲ್ಲಿ ಕಾರ್ಡ್ ಹೊರಗೆ ತೆಗೆಯಬೇಡಿ; ಬೆಳೆಸಾಲದ ಬಡ್ಡಿ ಇದರ ಮುಂದೆ ಏನೂ ಅಲ್ಲ.

ಪಾಯಿಂಟ್ ಇವತ್ತೇ ರದ್ದಾಗುತ್ತದೆ, ಈ ಲಿಂಕ್ ಒತ್ತಿ, ಈ ಫೈಲ್ ಹಾಕಿಕೊಳ್ಳಿ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅದು ಬ್ಯಾಂಕಿನದಲ್ಲ. ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಕಾರ್ಡ್ ಬ್ಲಾಕ್ ಮಾಡಿಸಿ.

7. ಟಿಕೆಟ್ ಬಂದ ಮೇಲೆ

ಇಮೇಲ್‌ನಲ್ಲಿ ಆರು ಅಕ್ಷರದ ಪಿಎನ್‌ಆರ್ ಜೊತೆಗೆ 13 ಅಂಕಿಯ ಟಿಕೆಟ್ ಸಂಖ್ಯೆ ಇದೆಯೇ ನೋಡಿ. ಪಿಎನ್‌ಆರ್ ಮಾತ್ರ ಇದ್ದು ಟಿಕೆಟ್ ಸಂಖ್ಯೆ ಇಲ್ಲದಿದ್ದರೆ ಸೀಟು ಹಿಡಿದಿದ್ದಾರೆ, ಟಿಕೆಟ್ ಆಗಿಲ್ಲ. ಒಂದು ದಿನದೊಳಗೆ ಬಾರದಿದ್ದರೆ ಫೋನ್ ಮಾಡಿ.

ಒಬ್ಬರ ಮೈಲ್ಸ್‌ನಲ್ಲಿ ಇನ್ನೊಬ್ಬರ ವಿಮಾನ ತೆಗೆದಿದ್ದರೆ, ಹಾರುವ ಏರ್‌ಲೈನಿನಲ್ಲಿ ಬೇರೆಯದೇ ಪಿಎನ್‌ಆರ್ ಇರುತ್ತದೆ. ಅದನ್ನು ಕೇಳಿ ಪಡೆದು, ಆ ಏರ್‌ಲೈನಿನ ಸೈಟಿನಲ್ಲಿ ಟಿಕೆಟ್ ತೆರೆದು ಸೀಟು ಆರಿಸಿ. ಸಸ್ಯಾಹಾರಿಗಳು ಏಷ್ಯನ್ ವೆಜಿಟೇರಿಯನ್ ಊಟ ಎಂದು ಹಾಕಿಸಿ, ಬರೀ ವೆಜಿಟೇರಿಯನ್ ಎಂದರೆ ಬೇಯಿಸಿದ ತರಕಾರಿ, ಬ್ರೆಡ್ ಬರುವುದುಂಟು. ವೀಲ್‌ಚೇರ್ ಬೇಕಾದವರಿಗೆ ಇದೇ ವೇಳೆ ಹೇಳಿ, 48 ಗಂಟೆಗಿಂತ ತಡ ಮಾಡಬೇಡಿ. ತಿಂಗಳಿಗೊಮ್ಮೆ ಟಿಕೆಟ್ ತೆರೆದು ವಿಮಾನದ ಹೊತ್ತು ಬದಲಾಗಿದೆಯೇ ನೋಡಿ. ಏರ್‌ಲೈನೇ ಹೊತ್ತನ್ನು ಹೆಚ್ಚು ಬದಲಿಸಿದ್ದರೆ ಶುಲ್ಕವಿಲ್ಲದೆ ಬೇರೆ ದಿನ ಅಥವಾ ಮೈಲ್ಸ್ ವಾಪಸ್ ಕೇಳಬಹುದು.

ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುವಾಗ ಜಾಗ್ರತೆ. ಯುರೋಪಿನ ಎಷ್ಟೋ ವಿಮಾನಗಳು ಬೆಂಗಳೂರಿನಿಂದ ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ 15ನೇ ತಾರೀಖು 1:50 ಎಂದಿದ್ದರೆ ಹಾಸನದಿಂದ 14ರ ಸಂಜೆ ಐದಕ್ಕೆ, ಚಿಕ್ಕಮಗಳೂರಿನಿಂದ ನಾಲ್ಕಕ್ಕೆ ಗಾಡಿ ಹೊರಟಿರಬೇಕು. ಟ್ಯಾಕ್ಸಿಯವರಿಗೂ 14 ಎಂದೇ ಹೇಳಿ.